ಅಜ್ಜಿ ಮನೆ ತೊಲೆಯಲ್ಲಿ ಸಿಕ್ಕ ಒಣ ಹೀರೆಕಾಯಿ: ಈ ಬೀಜ ಹುಟ್ಟುತ್ತಾ?

ತಾರಸಿಪಾತಿ, ಬೆಂಗಳೂರು · ಮೇ 19

ಎಲ್ಲರಿಗೂ ನಮಸ್ಕಾರ. ಹೊಸನಗರದ ಹತ್ತಿರ ನಮ್ಮ ಅಜ್ಜಿ ಮನೆ. ಅಜ್ಜಿ ಹೋಗಿ ನಾಲ್ಕು ವರ್ಷ ಆಯ್ತು. ಮಳೆಗಾಲದ ಒಳಗೆ ಹಳೇ ಮನೆ ಬಿಚ್ಚಬೇಕು ಅಂತ ಮಾವಂದಿರು ತೀರ್ಮಾನ ಮಾಡಿದ್ದಾರೆ. ಹೋದ ವಾರ ಸಾಮಾನು ತೆಗೆಯೋಕೆ ಹೋಗಿದ್ದಾಗ ಒಲೆಯ ಮೇಲಿನ ತೊಲೆಗೆ ಬಾಳೆನಾರಿನಲ್ಲಿ ಕಟ್ಟಿದ ಎರಡು ಹೀರೆಕಾಯಿ ನೇತಾಡ್ತಿದ್ವು. ಹೊಗೆ ಹಿಡಿದು ಕರ್ರಗಾಗಿವೆ. ಅಲ್ಲಾಡಿಸಿದರೆ ಒಳಗೆ ಬೀಜ ಗಿಲಿಗಿಲಿ ಅನ್ನುತ್ತೆ.

ಇದು ಅಂಗಡಿಯಲ್ಲಿ ಸಿಗೋ ಉದ್ದದ ಹೀರೆಕಾಯಿ ಅಲ್ಲ. ಒಂದು ಗೇಣಿಗಿಂತ ಚಿಕ್ಕದು, ಹೊಟ್ಟೆ ದಪ್ಪ, ಏಣು ಅಷ್ಟು ಚೂಪಿಲ್ಲ. ಬಚ್ಚಲ ನೀರು ಹೋಗೋ ಗುಂಡಿಯ ಪಕ್ಕ ಅಜ್ಜಿ ಹಾಕ್ತಿದ್ದರು, ಬಳ್ಳಿ ಕೊಟ್ಟಿಗೆ ಮಾಡಿನ ಮೇಲೆ ಹಬ್ಬುತ್ತಿತ್ತು. ಸಿಪ್ಪೆ ಚಟ್ನಿ ಮಾಡಿದರೆ ಗಡಿಬಿಡಿಯಲ್ಲಿ ಊಟ ಮುಗಿಸೋರೂ ಇನ್ನೊಂದು ತುತ್ತು ಹಾಕಿಸಿಕೊಳ್ತಿದ್ದರು. ಊರಲ್ಲಿ ಈಗ ಯಾರ ಹತ್ತಿರವೂ ಈ ಬೀಜ ಇಲ್ಲ, ಕೇಳಿ ನೋಡಿದೆ.

ಒಂದು ಕಾಯಿಗೆ ಹುಳ ಬಿದ್ದು ಬರೀ ಪುಡಿ. ಇನ್ನೊಂದರಲ್ಲಿ ಎಪ್ಪತ್ತರ ಹತ್ತಿರ ಬೀಜ ಇತ್ತು, ಬೆರಳಲ್ಲಿ ಒತ್ತಿ ನೋಡಿದರೆ ಹೆಚ್ಚಿನವು ಟೊಳ್ಳು. ಗಟ್ಟಿ ಇರೋದು 23. ಅಷ್ಟೇ ಇರೋದು.

ನಾನು ತಾರಸಿ ಮೇಲೆ ಹರಿವೆ, ಮೆಂತ್ಯ, ಪಾಲಕ್ ಬೆಳೆದಿದ್ದೇನೆ. ಟೊಮ್ಯಾಟೊ, ಬದನೆ ಸಸಿ ತಂದು ನೆಟ್ಟಿದ್ದೇನೆ. ಬಳ್ಳಿ ತರಕಾರಿಯನ್ನು ಬೀಜದಿಂದ ಎಬ್ಬಿಸಿದ್ದು ಇಲ್ಲ. 20 ಲೀಟರಿನ ಪೇಂಟ್ ಬಕೆಟ್ ಐದಾರು ಇವೆ. ಬೆಳಗಿನ ಬಿಸಿಲು ಚೆನ್ನಾಗಿದೆ. ತಪ್ಪು ಮಾಡೋಕೆ ಜಾಗವೇ ಇಲ್ಲ ಅನ್ನೋ ಭಯಕ್ಕೆ ಹಾಕೋ ಮೊದಲು ಕೇಳ್ತಿದ್ದೇನೆ.

ಒಟ್ಲುಮಡಿ, ಹಾಸನ · ಮೇ 19

ತಾಯಿ, ಮೊದಲು ಒಂದು ಮಾತು. 23ನ್ನೂ ಒಂದೇ ಸಲ ಹಾಕ್ಬೇಡಿ. ಎಂಟು ತಗೊಳಿ. ಮಿಕ್ಕಿದ್ದು ಗಾಜಿನ ಬಾಟ್ಲಿಗೆ ಹಾಕಿ ಬಿಗಿಯಾಗಿ ಮುಚ್ಚಿ ಎತ್ತಿಡಿ. ಮೊದಲನೇ ಸಲ ಏನಾಯ್ತು ಅಂತ ನೋಡ್ಕೊಂಡು ಎರಡನೇದು.

ಹೀರೆ ಬೀಜದ ಸಿಪ್ಪೆ ಗಟ್ಟಿ. ಉಗುರುಬೆಚ್ಚಗಿನ ನೀರಲ್ಲಿ ಒಂದು ರಾತ್ರಿ ನೆನೆಸಿ, ಅದಕ್ಕಿಂತ ಜಾಸ್ತಿ ಬೇಡ. ಬೆಳಿಗ್ಗೆ ಹಳೇ ಪಂಚೆ ತುಂಡಲ್ಲಿ ಕಟ್ಟಿ ಬೆಚ್ಚಗಿರೋ ಕಡೆ ಇಡಿ. ಬಟ್ಟೆ ಹಿಂಡಿದರೆ ನೀರು ತೊಟ್ಟಿಕ್ಕಬಾರದು, ಒಣಗಲೂಬಾರದು. ಹೊಸ ಬೀಜ ಆದ್ರೆ ಐದಾರು ದಿನಕ್ಕೆ ಮೂತಿ ಬಿಡ್ತದೆ. ಹಳೇದು ಹತ್ತು ಹನ್ನೆರಡು ದಿನ ತಗೊಳ್ಳಬಹುದು, ಅವಸರಪಟ್ಟು ಬಿಸಾಕ್ಬೇಡಿ. ನೀರಲ್ಲಿ ತೇಲೋ ಬೀಜ ಸತ್ತದ್ದು ಅಂತ ಹೇಳ್ತಾರೆ. ಸೋರೆ, ಹೀರೆ, ಕುಂಬಳದಲ್ಲಿ ಅದನ್ನ ನಂಬ್ಬೇಡಿ, ತೇಲಿದ್ದೂ ಹುಟ್ಟಿರೋದು ನಾನೇ ನೋಡಿದ್ದೀನಿ.

ಬಿತ್ತನೆಬುಟ್ಟಿ, ಬಾಗಲಕೋಟೆ · ಮೇ 20

ತೋಟಗಾರಿಕೆ ಓದಿದವಳು, ಒಂದಿಷ್ಟು ಸೇರಿಸುತ್ತೇನೆ. ಹೀರೆ, ಸೋರೆ, ಸೌತೆ ಜಾತಿಯ ಬೀಜಗಳಿಗೆ ಚೆನ್ನಾಗಿ ಇಟ್ಟರೆ ನಾಲ್ಕೈದು ವರ್ಷ ಜೀವ ಇರುತ್ತದೆ. ಟೊಮ್ಯಾಟೊ ಹೆಚ್ಚುಕಡಿಮೆ ಹಾಗೇ. ಮೆಣಸಿನಕಾಯಿ, ಬೆಂಡೆ ಎರಡು ಮೂರು ವರ್ಷ. ಈರುಳ್ಳಿ ಬೀಜ ವರ್ಷ ಕಳೆದರೆ ಕಷ್ಟ. ಬೀಜದೊಳಗಿನ ತೇವಾಂಶ ಶೇಕಡಾ 1ರಷ್ಟು ಇಳಿದರೆ ಅದರ ಆಯುಷ್ಯ ಇಮ್ಮಡಿ ಆಗುತ್ತದೆ, ಇಟ್ಟ ಜಾಗದ ಶಾಖ 5 ಡಿಗ್ರಿ ಇಳಿದರೂ ಹಾಗೇ, ಅನ್ನೋದು ನಮ್ಮಲ್ಲಿ ಬಳಸುವ ಅಂದಾಜು ಲೆಕ್ಕ. ನಿಮ್ಮ ಅಜ್ಜಿ ಒಲೆಯ ಮೇಲೆ ಕಟ್ಟಿದ್ದರಲ್ಲ, ಶಾಖ ಇತ್ತು ನಿಜ, ಆದರೆ ಮಲೆನಾಡಿನ ಮಳೆಗಾಲದ ಶೀತ ಬೀಜಕ್ಕೆ ತಾಗದ ಹಾಗೆ ಆ ಹೊಗೆ ಕಾಪಾಡಿದೆ. ಒಲೆ ಆರಿದ ಮೇಲಿನ ನಾಲ್ಕು ಮಳೆಗಾಲ ಅದಕ್ಕೆ ಹೊಡೆತ ಕೊಟ್ಟಿರಬೇಕು.

ಹಾಗಾಗಿ ಎಂಟರಲ್ಲಿ ಎರಡು ಹುಟ್ಟಿದರೂ ಒಳ್ಳೇ ಫಲಿತಾಂಶ ಅಂದುಕೊಳ್ಳಿ. ಇನ್ನೊಂದು, ಕೋಕೊಪಿಟ್ (ತೆಂಗಿನ ನಾರಿನ ಪುಡಿ) ಬಳಸೋದಾದರೆ ಎರಡು ಮೂರು ಸಲ ನೀರಲ್ಲಿ ತೊಳೆದು ಹಿಂಡಿ ಬಳಸಿ. ತೊಳೆಯದ ನಾರಿನ ಪುಡಿಯಲ್ಲಿ ಉಪ್ಪು ಇರುತ್ತದೆ, ಎಳೆ ಬೇರು ಸುಟ್ಟುಹೋಗುತ್ತದೆ.

ಎರೆಹೊಲ, ಗದಗ · ಮೇ 20

ಅಕ್ಕಾರ, ನಮ್ಮವ್ವ ಇಂಥಾ ಬೀಜದ ಗಂಟು ಜ್ವಾಳದ ಚೀಲದಾಗ ಹುಗದ ಇಡ್ತಿದ್ಳರಿ. ಕಾಳಿನ ನಡುವ ಕಾವು ಒಂದೇ ಸಮ ಇರ್ತೈತಿ. ನಿಮ್ಮ ಮನ್ಯಾಗ ಅಕ್ಕಿ ಡಬ್ಬಿ ಇದ್ರ ಅದರಾಗ ಇಡ್ರಿ, ಗಂಟಿನ ಸುತ್ತ ಒಂದು ಪ್ಲಾಸ್ಟಿಕ್ ಹಾಳಿ ಸುತ್ತಿ. ಇಲ್ಲಂದ್ರ ಅಕ್ಕಿಗೆ ಹಸಿ ಹಿಡೀತೈತಿ. ದಿನಾ ಒಮ್ಮೆ ಬಿಚ್ಚಿ ಗಾಳಿ ಆಡಸ್ರಿ.

ಮೊದಲಪಾತಿ, ತುಮಕೂರು · ಮೇ 20

ತಪ್ಪು ತಿಳೀಬೇಡಿ ಮೇಡಂ. ಮೂವತ್ತು ನಲವತ್ತು ರೂಪಾಯಿಗೆ ಹೀರೆ ಬೀಜದ ಪ್ಯಾಕೆಟ್ ಸಿಗುತ್ತೆ, ನೂರಕ್ಕೆ ಎಂಬತ್ತು ಹುಟ್ಟುತ್ತೆ. ಇಷ್ಟು ಕಷ್ಟ ಯಾಕೆ ಅಂತ ನಿಜವಾಗ್ಲೂ ತಿಳ್ಕೊಳ್ಳೋಕೆ ಕೇಳ್ತಿದ್ದೀನಿ. ನಾನು ಈ ವರ್ಷ ಹೊಸದಾಗಿ ಶುರು ಮಾಡಿದೋನು.

ತಾರಸಿಪಾತಿ · ಮೇ 20

ಪ್ಯಾಕೆಟ್ ಬೀಜದಲ್ಲಿ ಹೀರೆಕಾಯಿ ಬರುತ್ತೆ, ಈ ಹೀರೆಕಾಯಿ ಬರಲ್ಲ. ಅದಕ್ಕೇ.

ಬಿತ್ತನೆಬುಟ್ಟಿ · ಮೇ 20

@ಮೊದಲಪಾತಿ ಶುರು ಮಾಡೋರಿಗೆ ಪ್ಯಾಕೆಟ್ ಬೀಜವೇ ಒಳ್ಳೆಯದು, ಅದರಲ್ಲಿ ಸಂಕೋಚ ಬೇಡ. ಕೊಳ್ಳುವಾಗ ಒಂದು ವಿಷಯ ನೋಡಿ. ಪ್ಯಾಕೆಟ್ ಮೇಲೆ ಎಫ್1 ಅಂತ ಇದ್ದರೆ ಅದು ಹೈಬ್ರಿಡ್. ಬೆಳೆ ಚೆನ್ನಾಗಿ ಬರುತ್ತದೆ. ಅದರ ಕಾಯಿಂದ ಬೀಜ ತೆಗೆದು ಮತ್ತೆ ಹಾಕಿದರೆ ಮಾತ್ರ ಗಿಡಗಳು ಒಂದೊಂದು ಒಂದೊಂದು ಥರ ಬರುತ್ತವೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸುಮೀತ್, ಅರ್ಕಾ ಸುಜಾತ್ ಹೀರೆ ತಳಿಗಳು ಹೈಬ್ರಿಡ್ ಅಲ್ಲ. ಬೆಂಡೆಯಲ್ಲಿ ಅರ್ಕಾ ಅನಾಮಿಕಾ ಕೂಡ ಹಾಗೇ, ಎಲೆ ಹಳದಿ ಬಲೆಯಾಗೋ ನಂಜುರೋಗವನ್ನು ತಡೆಯೋಕೆ ಅಂತಲೇ ಬೆಳೆಸಿದ್ದು. ಇವುಗಳ ಬೀಜ ನೀವೇ ಎತ್ತಿಟ್ಟುಕೊಳ್ಳಬಹುದು. ಟೊಮ್ಯಾಟೊದ ಅರ್ಕಾ ರಕ್ಷಕ್ ಹೈಬ್ರಿಡ್, ಮೂರು ರೋಗ ತಡೆಯುತ್ತದೆ, ಬೀಜ ಪ್ರತಿ ಸಲ ಕೊಳ್ಳಬೇಕು. ಎರಡಕ್ಕೂ ಅದರದರ ಉಪಯೋಗ ಇದೆ.

ಬಸಳೆಚಪ್ಪರ, ಉಡುಪಿ · ಮೇ 21

ಓದ್ತಾ ಓದ್ತಾ ನನ್ನ ಅತ್ತೆ ನೆನಪಾದ್ರು. ನಮ್ಮಲ್ಲಿ ಸೌತೆ ಬೀಜವನ್ನು ಬೂದಿಯಲ್ಲಿ ಕಲಸಿ ಅಡುಗೆಮನೆ ಗೋಡೆಗೆ ತಟ್ಟಿ ಇಡ್ತಿದ್ರು. ಮುಂದಿನ ವರ್ಷ ಗೋಡೆಯಿಂದ ಎಬ್ಬಿಸಿ ಹಾಕುವುದು. ಮಟ್ಟುಗುಳ್ಳ ಬದನೆ ಉಂಟಲ್ಲ, ಕಟಪಾಡಿ ಹತ್ತಿರದ ಮಟ್ಟು ಊರಿನದ್ದು, 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆ ಸಿಕ್ಕಿತು. ಸೋದೆ ಮಠದ ವಾದಿರಾಜರು ಮಂತ್ರಿಸಿ ಕೊಟ್ಟ ಬೀಜ ಅಂತ ಜನ ನಂಬ್ತಾರೆ. ಆದ್ರೆ ಇಷ್ಟು ವರ್ಷ ಅದು ಉಳಿದದ್ದು ಅಲ್ಲಿನ ಮನೆಯವರು ಪ್ರತಿ ಸಲ ಒಳ್ಳೇ ಗಿಡದ ಒಳ್ಳೇ ಕಾಯಿಯನ್ನು ಮಾರದೆ, ತಿನ್ನದೆ, ಬೀಜಕ್ಕೆ ಅಂತ ಬಿಟ್ಟದ್ದರಿಂದ.

ನೀವು ಬೀಜ ಹಾಕಿ ತಂಗಿ. ಬಂದರೆ ನನಗೂ ನಾಲ್ಕು ಬೇಕು, ಈಗಲೇ ಹೇಳಿ ಇಡ್ತೇನೆ.

ತಾರಸಿಪಾತಿ · ಮೇ 30

21ಕ್ಕೆ ನೆನೆಸಿದ್ದೆ. ಒಂಬತ್ತು ದಿನ ಆಯ್ತು. ನಿನ್ನೆ ರಾತ್ರಿ ಗಂಟು ಬಿಚ್ಚಿದಾಗ ಒಂದರ ಮೂತಿ ಒಡೆದು ಬಿಳೀ ಬೇರು ಕಾಣ್ತಿತ್ತು, ಇವತ್ತು ಇನ್ನೊಂದು. ಮೂರು ಲೋಳೆಯಾಗಿ ವಾಸನೆ ಬಂದವು, ತೆಗೆದು ಹಾಕಿದೆ. ಮೂರು ಹಾಗೇ ಕಲ್ಲಿನ ಥರ ಇವೆ.

ಅಮ್ಮನಿಗೆ ವಿಡಿಯೊ ಕಾಲ್‌ನಲ್ಲಿ ತೋರಿಸಿದೆ. ಅವರು ಏನೂ ಮಾತಾಡಲಿಲ್ಲ, ಫೋನ್ ಹತ್ತಿರ ತಗೋ ಹತ್ತಿರ ತಗೋ ಅಂದರು.

ಒಟ್ಲುಮಡಿ · ಮೇ 30

ಕಲ್ಲಿನ ಥರ ಇರೋ ಮೂರಕ್ಕೆ ನೀರು ಒಳಕ್ಕೆ ಹೋಗಿಲ್ಲ. ಎರಡನೇ ಎಂಟಕ್ಕೆ ಹೀಗ್ ಮಾಡಿ. ಬೀಜದ ಒಂದು ತುದಿ ಚೂಪಾಗಿರ್ತದೆ, ಮೊಳಕೆ ಬರೋದು ಅಲ್ಲಿಂದ. ಅದನ್ನ ಮುಟ್ಟಬೇಡಿ. ಅಗಲ ಇರೋ ತುದಿಯ ಅಂಚನ್ನ ಉಗುರು ಕತ್ತರಿಯಲ್ಲಿ ಕೂದಲೆಳೆಯಷ್ಟು ಚಿವುಟಿ, ಇಲ್ಲಾ ಉಪ್ಪುಕಾಗದದ ಮೇಲೆ ಎರಡು ಸಲ ಉಜ್ಜಿ. ಒಳಗಿನ ಬಿಳಿ ತಿರುಳಿಗೆ ಗಾಯ ಆಗಬಾರದು. ಆಮೇಲೆ ಆರು ಗಂಟೆ ನೆನೆಸಿದರೆ ಸಾಕು. ಹಾಗಲ ಬೀಜಕ್ಕೂ ಇದೇ ಉಪಾಯ.

ಮೊಳಕೆ ಬಂದ ಎರಡನ್ನ ಇವತ್ತೇ ಮಣ್ಣಿಗೆ ಇಡಿ, ಬೇರು ಉದ್ದ ಆದ್ರೆ ಮುರೀತದೆ. ಪೇಪರ್ ಲೋಟದ ತಳಕ್ಕೆ ತೂತು ಮಾಡಿ ಅದರಲ್ಲಿ ಹಾಕಿ, ಆಮೇಲೆ ಲೋಟ ಹರಿದು ಮಣ್ಣು ಒಡೆಯದ ಹಾಗೆ ಬಕೆಟ್ಟಿಗೆ ಇಳಿಸಬಹುದು. ಬಳ್ಳಿ ಗಿಡಕ್ಕೆ ಬೇರು ಅಲ್ಲಾಡೋದು ಆಗಲ್ಲ. ಬೀಜದ ದಪ್ಪದ ಎರಡರಷ್ಟು ಮಣ್ಣು ಮೇಲೆ, ಅಷ್ಟೇ.

ಮೊದಲಪಾತಿ · ಜೂನ್ 2

ನಡುವೆ ಬರ್ತಿದ್ದೀನಿ, ಕ್ಷಮಿಸಿ. ಟ್ರೇನಲ್ಲಿ ಟೊಮ್ಯಾಟೊ ಹಾಕಿದ್ದೆ, ಆರನೇ ದಿನಕ್ಕೆ ಎಲ್ಲಾ ಹುಟ್ಟಿತು. ಈಗ ದಾರದ ಥರ ಉದ್ದ ಆಗಿ ಬಗ್ಗಿ ಮಲಗಿವೆ. ಕೊತ್ತಂಬರಿ ಹದಿನೈದು ದಿನ ಆದ್ರೂ ಇಲ್ಲ. ಹರಿವೆ ಬೀಜ ಚೆಲ್ಲಿದ್ದೆ, ಒಂದೂ ಬರಲಿಲ್ಲ.

ಒಟ್ಲುಮಡಿ · ಜೂನ್ 2

ಟೊಮ್ಯಾಟೊಗೆ ಬೆಳಕು ಸಾಲದು ಕಣಪ್ಪ. ಹುಟ್ಟೋವರೆಗೂ ನೆರಳು ಸರಿ, ಮಣ್ಣು ಸೀಳಿದ ದಿನವೇ ಬಿಸಿಲಿಗೆ ಇಡಬೇಕು. ಕಿಟಕಿ ಹತ್ತಿರ ಇಟ್ಟಿದ್ದೀಯ ಅನ್ಸುತ್ತೆ. ಈಗ ಅವನ್ನ ಬೇರೆ ಲೋಟಕ್ಕೆ ಎಲೆಯ ಬುಡದವರೆಗೂ ಆಳವಾಗಿ ಹೂತುಬಿಡು, ಟೊಮ್ಯಾಟೊ ಕಾಂಡದಲ್ಲೂ ಬೇರು ಬಿಡ್ತದೆ, ಉಳಿಯುತ್ತೆ.

ಕೊತ್ತಂಬರಿ ಕಾಳನ್ನ ಇಡಿಯಾಗಿ ಹಾಕಿದ್ಯಾ? ಚಪ್ಪಲಿ ಕಾಲಲ್ಲೋ ಲಟ್ಟಣಿಗೆಯಲ್ಲೋ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ ನೆನೆಸಿ ಹಾಕು. ಒಂದು ಕಾಳಲ್ಲಿ ಎರಡು ಬೀಜ ಇರ್ತದೆ.

ಬಸಳೆಚಪ್ಪರ · ಜೂನ್ 2

ಹರಿವೆ ಬೀಜವನ್ನು ಇರುವೆ ಹೊತ್ತುಕೊಂಡು ಹೋಗಿರ್ತದೆ. ಹಾಕಿದ ದಿನ ಪಾತಿಯ ಸುತ್ತ ಒಂದು ಹಿಡಿ ರವೆ ಚೆಲ್ಲಿ. ಇರುವೆ ಆ ರವೆಯನ್ನು ಹೊರುವುದರಲ್ಲಿ ಇರ್ತದೆ, ಅಷ್ಟರೊಳಗೆ ಬೀಜ ಹುಟ್ತದೆ. ಹರಿವೆಗೆ ಮೂರು ನಾಲ್ಕು ದಿನ ಸಾಕು.

ತಾರಸಿಪಾತಿ · ಜೂನ್ 8

ಎರಡನೇ ಎಂಟರಲ್ಲಿ ಮೂರು ಹುಟ್ಟಿದವು! ಅಂಚು ಚಿವುಟಿದ್ದರಿಂದ ಐದೇ ದಿನಕ್ಕೆ. ಒಟ್ಟು ಐದು ಸಸಿ. ಏಳು ಬೀಜ ಬಾಟಲಿಯಲ್ಲಿ ಭದ್ರ.

ತಾರಸಿಪಾತಿ · ಜೂನ್ 12

ಬೆಳಿಗ್ಗೆ ನೋಡಿದರೆ ಒಂದು ಸಸಿ ಮಲಗಿದೆ. ಎಲೆ ಹಸಿರಾಗೇ ಇದೆ, ಬುಡ ಮಾತ್ರ ನೀರಲ್ಲಿ ಬೆಂದ ಹಾಗೆ ತೆಳ್ಳಗಾಗಿ ಕಂದು ಬಣ್ಣ. ಮೂರು ದಿನದಿಂದ ಮೋಡ, ಜಿಟಿಜಿಟಿ ಮಳೆ. ಮಣ್ಣು ಒಣಗಿದೆ ಅನ್ನಿಸಿ ದಿನಕ್ಕೆ ಎರಡು ಸಲ ನೀರು ಹಾಕ್ತಿದ್ದೆ. ನನ್ನ ಕೈಯಿಂದಲೇ ಆಯ್ತು.

ಬಿತ್ತನೆಬುಟ್ಟಿ · ಜೂನ್ 12

ಇದು ಬುಡ ಕೊಳೆ, ಸಸಿಮಡಿಯಲ್ಲಿ ಎಲ್ಲರಿಗೂ ಬರುವ ಶಿಲೀಂಧ್ರ ರೋಗ. ತೇವ ಹೆಚ್ಚಾಗಿ ಗಾಳಿ ಕಡಿಮೆಯಾದ ಕಡೆ ಹರಡುತ್ತದೆ. ಬಿದ್ದ ಸಸಿಯನ್ನು ಮಣ್ಣಿನ ಸಮೇತ ದೂರ ಹಾಕಿ. ಉಳಿದ ನಾಲ್ಕಕ್ಕೆ ಎರಡು ದಿನ ನೀರು ಬೇಡ, ಮಳೆ ನೇರವಾಗಿ ಬೀಳದ, ಗಾಳಿ ಆಡುವ ಜಾಗದಲ್ಲಿ ಇಡಿ. ನೀರನ್ನು ಬೆಳಿಗ್ಗೆ ಮಾತ್ರ, ಬುಡಕ್ಕಲ್ಲ, ಲೋಟದ ಅಂಚಿಗೆ ಹಾಕಿ. ಬೆರಳನ್ನು ಒಂದು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ ನೋಡಿ, ಒಳಗೆ ತಣ್ಣಗಿದ್ದರೆ ನೀರು ಬೇಕಿಲ್ಲ. ಟ್ರೈಕೋಡರ್ಮಾ ಪುಡಿ (ಕೊಳೆ ರೋಗ ತಡೆಯುವ ಒಳ್ಳೇ ಶಿಲೀಂಧ್ರ) ಸಿಕ್ಕರೆ ಒಂದು ಚಮಚವನ್ನು ಎರಡು ಹಿಡಿ ಎರೆಹುಳು ಗೊಬ್ಬರದಲ್ಲಿ ಕಲಸಿ ಬಕೆಟ್ಟಿನ ಮಣ್ಣಿಗೆ ಸೇರಿಸಿ, ಮುಂದಕ್ಕೆ ಅನುಕೂಲ.

ಎರೆಹೊಲ · ಜೂನ್ 13

ಮನಸಿಗೆ ಹಚ್ಚಿಕೋಬ್ಯಾಡ್ರಿ ಅಕ್ಕಾರ. ನಾಕು ಅದಾವಲ್ಲ. ಈಗಿನಿಂದ ಒಂದು ಲಕ್ಷ್ಯ ಇಡ್ರಿ. ಎಳೀ ಎಲಿ ಮ್ಯಾಲೆ ಕೆಂಪು ಜೀರುಂಡಿ ಬರತಾವ. ಬೆರಳ ಉಗುರಿನಷ್ಟ ಇರ್ತಾವ, ಒಂದು ದಿನದಾಗ ಎಲಿ ಜಾಲರಿ ಮಾಡಿ ಬಿಡತಾವ. ಮುಂಜಾನಿ ಮಂಜಿನ ಹಸಿ ಎಲಿ ಮ್ಯಾಲೆ ಇರೂ ಮುಂದ ಒಲಿ ಬೂದಿ ಜರಡಿ ಹಿಡದು ಉದುರಸ್ರಿ. ಹಸಿಗೆ ಅಂಟಿಕೋತೈತಿ, ಜೀರುಂಡಿ ಕಡ್ಯಾಂಗಿಲ್ಲ. ಮಳಿ ಬಂದು ತೊಳದ್ರ ಮತ್ತ ಹಾಕ್ರಿ. ನಾಲ್ಕನೇ ಎಲಿ ಬಂದ ಮ್ಯಾಲೆ ಅದರ ಕಾಟ ಅಷ್ಟ ಇರಂಗಿಲ್ಲ.

ತಾರಸಿಪಾತಿ · ಜೂನ್ 21

ಎರೆಹೊಲ ಅಣ್ಣ, ನೀವು ಹೇಳಿದ ಹಾಗೇ ಬಂದವು. ಕಿತ್ತಳೆ ಕೆಂಪು ಬಣ್ಣ, ಮುಟ್ಟಿದರೆ ಹಾರುತ್ತವೆ. ಒಂದು ಸಸಿಯ ಎರಡು ಎಲೆಯೂ ಹೋಯಿತು, ಕುಡಿಯನ್ನೂ ತಿಂದಿವೆ, ಅದು ಉಳಿಯಲಿಲ್ಲ. ನಮ್ಮ ಮನೆಯಲ್ಲಿ ಬೂದಿ ಎಲ್ಲಿಂದ ಬರಬೇಕು? ಬೀದಿ ಕೊನೆಯಲ್ಲಿ ಇಸ್ತ್ರಿ ಗಾಡಿ ಇದೆ, ಇದ್ದಿಲಿನ ಪೆಟ್ಟಿಗೆ. ಅವರು ಒಂದು ಡಬ್ಬಿ ತುಂಬ ಬೂದಿ ಕೊಟ್ಟರು, ಅವರ ಊರಲ್ಲೂ ಅವರೆ ಗಿಡಕ್ಕೆ ಹೀಗೇ ಹಾಕ್ತಿದ್ದರಂತೆ. ನಾಲ್ಕು ದಿನದಿಂದ ಹಾಕ್ತಿದ್ದೇನೆ, ಜೀರುಂಡೆ ಕಾಣ್ತಿಲ್ಲ.

ಮೂರು ಗಿಡ. ಮೂರನ್ನೂ ಬಕೆಟ್ಟಿಗೆ ಇಳಿಸಿದ್ದೇನೆ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಎರೆಹುಳು ಗೊಬ್ಬರ, ಒಂದು ಪಾಲು ತೊಳೆದ ಕೋಕೊಪಿಟ್, ಒಂದು ಹಿಡಿ ಬೇವಿನ ಹಿಂಡಿ. ಇವತ್ತಿನಿಂದ ಆರಿದ್ರೆ ಮಳೆ ಶುರು. ಅಜ್ಜಿ ಹಾಕುತ್ತಿದ್ದದ್ದೂ ಇದೇ ಮಳೆಗೆ ಅಂತ ಅಮ್ಮ ಹೇಳಿದರು, ನನಗೆ ಗೊತ್ತಿರಲಿಲ್ಲ.

ನ್ಯೂಜೆರ್ಸಿಹಿತ್ತಿಲು · ಜುಲೈ 14

ಈ ಚರ್ಚೆಯನ್ನು ಮೊದಲಿಂದ ಓದುತ್ತಿದ್ದೇನೆ. ನನ್ನದೂ ಒಂದು ಪ್ರಶ್ನೆ. ಇಲ್ಲಿ ಹಿಮ ಬೀಳುವ ಭಯ ಮೇ ಎರಡನೇ ವಾರ ಕಳೆಯುವವರೆಗೆ ಇರುತ್ತೆ, ಹಾಗಾಗಿ ಏಪ್ರಿಲ್‌ನಲ್ಲಿ ಮನೆಯೊಳಗೆ ಸಸಿ ಮಾಡಿ ಆಮೇಲೆ ಹೊರಗೆ ನೆಡುತ್ತೇವೆ. ಹಾಗಲ, ಬೆಂಡೆ ಚೆನ್ನಾಗಿ ಬಂದಿವೆ. ಅವರೆ ಮಾತ್ರ ಹತ್ತು ಅಡಿ ಹಬ್ಬಿದೆ, ಕಡು ಹಸಿರು, ಒಂದು ಹೂವಿಲ್ಲ. ಹೋದ ವರ್ಷವೂ ಹೀಗೇ, ಅಕ್ಟೋಬರ್‌ನಲ್ಲಿ ಹೂ ಬಿಟ್ಟಿತು, ಮಂಜು ಬಿದ್ದು ಒಂದೇ ರಾತ್ರಿಗೆ ಕಪ್ಪಾಯಿತು. ಗೊಬ್ಬರ ತಪ್ಪಾ? ಜನವರಿಯಲ್ಲಿ ಹಿತಕಿದ ಅವರೆ ಸಾರಿನ ಆಸೆಗೆ ಇಲ್ಲಿ ಕೂತು ಇಷ್ಟು ಪಾಡು.

ಬಿತ್ತನೆಬುಟ್ಟಿ · ಜುಲೈ 15

ಗೊಬ್ಬರದ ತಪ್ಪಲ್ಲ. ನಾಟಿ ಅವರೆ ಹಗಲು ಚಿಕ್ಕದಾದ ಮೇಲೇ ಹೂ ಬಿಡೋದು. ನಮ್ಮಲ್ಲೂ ಯಾವಾಗ ಬಿತ್ತಿದರೂ ಅದು ಚಳಿಗಾಲಕ್ಕೇ ಹೂವಾಗೋದು ಅದಕ್ಕೆ, ಸೊನೆ ಅವರೆ ಡಿಸೆಂಬರ್ ಜನವರಿಗೆ ಬರೋದು ಅದಕ್ಕೇ. ನಿಮ್ಮಲ್ಲಿ ಬೇಸಿಗೆಯ ಹಗಲು ನಮ್ಮದಕ್ಕಿಂತ ತುಂಬಾ ಉದ್ದ. ಹಗಲು ಚಿಕ್ಕದಾಗೋ ಹೊತ್ತಿಗೆ ಚಳಿ ಬಂದುಬಿಡುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳು ಹಗಲಿನ ಉದ್ದ ನೋಡುವುದಿಲ್ಲ, ಗಿಡ್ಡ ಗಿಡ, ವರ್ಷವಿಡೀ ಹೂ ಬಿಡುತ್ತವೆ. ನಾಟಿಯ ಸೊನೆಯ ವಾಸನೆ ಅದರಲ್ಲಿ ಅಷ್ಟಿಲ್ಲ, ಅದು ನಿಜ. ಆದರೆ ನಿಮ್ಮ ಹಿತ್ತಿಲಿಗೆ ಅದೇ ಸರಿ.

ತಾರಸಿಪಾತಿ · ಜುಲೈ 24

ಬಳ್ಳಿ ಚಪ್ಪರಕ್ಕೆ ಹತ್ತಿದೆ. ನಾಲ್ಕು ದಿನದಿಂದ ಹಳದಿ ಹೂ ಗೊಂಚಲು ಗೊಂಚಲಾಗಿ ಬಿಡ್ತಿವೆ, ಮರುದಿನ ಬೆಳಿಗ್ಗೆಗೆ ಎಲ್ಲಾ ಉದುರಿ ಬಿದ್ದಿರುತ್ತೆ. ಒಂದೂ ಕಾಯಿ ಕಚ್ಚಿಲ್ಲ.

ಒಟ್ಲುಮಡಿ · ಜುಲೈ 24

ಅವು ಗಂಡು ಹೂ, ಉದುರೋದೇ ಅದರ ಕೆಲಸ. ಮೊದಲು ಗಂಡೇ ಬರೋದು, ಹತ್ತು ಹದಿನೈದು ದಿನ ಬಿಟ್ಟು ಹೆಣ್ಣು. ಹೆಣ್ಣು ಹೂ ಒಂಟಿಯಾಗಿ ಬರ್ತದೆ, ಹೂವಿನ ಹಿಂದೆ ಸಣ್ಣ ಹೀರೆಕಾಯಿ ಇರ್ತದೆ, ನೋಡಿದರೆ ಗೊತ್ತಾಗುತ್ತೆ. ಗೊಬ್ಬರ ಈಗ ಹಾಕ್ಬೇಡಿ, ಬರೀ ಎಲೆ ಬರ್ತದೆ. ಬಳ್ಳಿ ತಲೆಯೆತ್ತರ ದಾಟಿದ್ದರೆ ತುದಿ ಕುಡಿ ಚಿವುಟಿ, ಪಕ್ಕದ ಕವಲಲ್ಲಿ ಹೆಣ್ಣು ಹೂ ಜಾಸ್ತಿ.

ಬಿತ್ತನೆಬುಟ್ಟಿ · ಜುಲೈ 24

ಮುಖ್ಯವಾದ ಮಾತು. ಸುತ್ತಮುತ್ತ ಯಾರ ತಾರಸಿಯಲ್ಲಾದರೂ ಬೇರೆ ಹೀರೆ ಇದೆಯಾ? ಇದ್ದರೆ ಜೇನು, ಪತಂಗ ಆ ಪರಾಗ ತಂದು ಹಾಕುತ್ತವೆ. ಕಾಯಿ ನಿಮ್ಮ ಅಜ್ಜಿಯದೇ ಥರ ಇರುತ್ತದೆ, ಒಳಗಿನ ಬೀಜ ಮಾತ್ರ ಬೆರಕೆ ಆಗಿರುತ್ತದೆ. ಬೀಜಕ್ಕೆ ಬಿಡುವ ಕಾಯಿಗೆ ಕೈಯಲ್ಲೇ ಪರಾಗ ಮುಟ್ಟಿಸಬೇಕು.

ಹೀರೆ ಹೂ ಅರಳೋದು ಸಂಜೆ, ಐದರಿಂದ ಎಂಟರ ಒಳಗೆ. ಕುಂಬಳ, ಹಾಗಲದ ಹಾಗೆ ಬೆಳಿಗ್ಗೆ ಅಲ್ಲ. ಅವತ್ತು ಅರಳಲಿರುವ ಮೊಗ್ಗು ಮಧ್ಯಾಹ್ನಕ್ಕೇ ಹಳದಿ ತಿರುಗಿ ಉಬ್ಬಿರುತ್ತದೆ. ಮೂರು ಗಂಟೆ ಹೊತ್ತಿಗೆ ಒಂದು ಹೆಣ್ಣು ಮೊಗ್ಗು, ಎರಡು ಗಂಡು ಮೊಗ್ಗಿನ ತುದಿಯನ್ನು ದಾರದಲ್ಲಿ ಸಡಿಲವಾಗಿ ಕಟ್ಟಿಬಿಡಿ, ಹುಳ ಒಳಗೆ ಹೋಗದ ಹಾಗೆ. ಆರೂವರೆಗೆ ಗಂಡು ಹೂ ಕಿತ್ತು ದಳ ಬಿಡಿಸಿ, ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರಿ, ಮತ್ತೆ ದಳ ಕಟ್ಟಿಬಿಡಿ. ಗಂಡು ಹೂ ಬೇರೆ ಗಿಡದ್ದಾದರೆ ಒಳ್ಳೆಯದು. ಯಾವ ಗಿಡಕ್ಕೆ ಯಾವುದರ ಪರಾಗ ಅಂತ ತೊಟ್ಟಿಗೆ ಬಣ್ಣದ ದಾರ ಕಟ್ಟಿ ಬರೆದಿಟ್ಟುಕೊಳ್ಳಿ. ಇದನ್ನು ಮಾತ್ರ ಮರೆಯಬೇಡಿ.

ತಾರಸಿಪಾತಿ · ಆಗಸ್ಟ್ 9

ಎದುರು ಮನೆ ತಾರಸಿಯಲ್ಲಿ ಉದ್ದ ಹೀರೆ ಇದೆ, ಹೋಗಿ ನೋಡಿಕೊಂಡು ಬಂದೆ. ಹಾಗಾಗಿ ಕಟ್ಟಿದ್ದೇ ಸರಿಯಾಯ್ತು. ಒಂದು ವಾರದಲ್ಲಿ ಮೂರು ಹೆಣ್ಣು ಹೂವಿಗೆ ಮುಟ್ಟಿಸಿದ್ದೇನೆ. ಆಫೀಸಿನಿಂದ ಓಡಿ ಬಂದು, ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು. ಸಂಜೆ ಆ ಹೂವಿನ ಹತ್ತಿರ ಒಂದು ಸಣ್ಣ ಪರಿಮಳ ಇರುತ್ತೆ, ಕೊಟ್ಟಿಗೆ ಮಾಡಿನ ಕೆಳಗೆ ಅಜ್ಜಿ ಹಾಲು ಕರೆಯೋ ಹೊತ್ತಿನ ವಾಸನೆ ಅದು. ಹೂವಿಂದು ಅಂತ ಇಷ್ಟು ವರ್ಷ ಗೊತ್ತೇ ಇರಲಿಲ್ಲ.

ಕೆಂಪು ದಾರ: 1ನೇ ಗಿಡದ ಕಾಯಿ, 2ರ ಪರಾಗ. ನೀಲಿ: 2ನೇ ಗಿಡದ ಕಾಯಿ, 1ರ ಪರಾಗ. ಬಿಳಿ: 1ನೇ ಗಿಡದ ಇನ್ನೊಂದು ಕಾಯಿ, 3ರ ಪರಾಗ. ಮೂರೂ ಕಚ್ಚಿವೆ.

ಬಸಳೆಚಪ್ಪರ · ಆಗಸ್ಟ್ 9

ಕಾಯಿ ಹೆಬ್ಬೆರಳ ಗಾತ್ರ ಆಗುವಾಗಲೇ ಹಳೇ ವೇಲ್ ಬಟ್ಟೆಯ ಚೀಲ ಹಾಕಿ ಕಟ್ಟಿ. ನೊಣ ಬಂದು ಎಳೇ ಕಾಯಿಗೆ ಚುಚ್ಚಿ ಮೊಟ್ಟೆ ಇಡ್ತದೆ, ಆಮೇಲೆ ಒಳಗೆಲ್ಲ ಹುಳ. ಬೀಜದ ಕಾಯಿ ಹೋದರೆ ಮತ್ತೆ ಬರುವುದಿಲ್ಲ.

ತಾರಸಿಪಾತಿ · ಆಗಸ್ಟ್ 23

ಚೀಲ ಹಾಕದ ಕಾಯಿಗಳಲ್ಲಿ ಅಡುಗೆಗೆ ಐದು ಕಿತ್ತೆ. ಅಮ್ಮ ಇಲ್ಲೇ ಬಂದಿದ್ದಾರೆ. ಸಿಪ್ಪೆ ಹುರಿದು, ತೆಂಗಿನಕಾಯಿ, ಒಣಮೆಣಸು, ಹುಳಿ ಹಾಕಿ ಒರಳಿಲ್ಲದ ಮನೆಯಲ್ಲಿ ಮಿಕ್ಸಿಯಲ್ಲೇ ರುಬ್ಬಿದರು. ಒಂದನೇ ಗಿಡದ್ದು, ಎರಡನೇದು ಅದೇ ರುಚಿ. ಅಮ್ಮ ಕಣ್ಣು ಮುಚ್ಚಿಕೊಂಡು ತಿಂದರು.

ಮೂರನೇ ಗಿಡದ ಕಾಯಿ ಕಹಿ. ಅಡುಗೆಗೆ ಮೊದಲು ತುದಿ ಕೊಯ್ದು ನಾಲಿಗೆಗೆ ಮುಟ್ಟಿಸಿ ನೋಡೋದು ಅಮ್ಮನ ಅಭ್ಯಾಸ, ಅದರಿಂದ ಗೊತ್ತಾಯ್ತು. ಎರಡು ಕಾಯಿ ನೋಡಿದೆವು, ಎರಡೂ ಹಾಗೇ.

ಬಿತ್ತನೆಬುಟ್ಟಿ · ಆಗಸ್ಟ್ 23

ಅಮ್ಮನ ಅಭ್ಯಾಸ ಎಲ್ಲರೂ ಕಲಿಯಬೇಕಾದ್ದು. ಕಹಿ ಹೀರೆ, ಕಹಿ ಸೋರೆ ತಿನ್ನಲೇಬಾರದು, ಅದರಲ್ಲಿ ಹೊಟ್ಟೆಗೆ ಕೆಡುಕು ಮಾಡುವ ವಿಷ ಇರುತ್ತದೆ. ಕಹಿ ಸೋರೆಯ ರಸ ಕುಡಿದು ಜೀವಕ್ಕೇ ಅಪಾಯ ಆದದ್ದಿದೆ.

ನೀರಿನ ಕೊರತೆ, ಬಿಸಿಲಿನ ಝಳಕ್ಕೂ ಒಮ್ಮೊಮ್ಮೆ ಕಹಿ ಬರುತ್ತದೆ. ಈ ಮಳೆಯಲ್ಲಿ ಅದಕ್ಕೆ ಕಾರಣ ಇಲ್ಲ. ಅಜ್ಜಿಯ ಕೊನೆಯ ವರ್ಷಗಳಲ್ಲಿ ಎಲ್ಲಿಂದಲೋ ಬೆರಕೆ ಆಗಿರಬಹುದು, ಆ ಗುಣ ಒಂದು ಬೀಜದಲ್ಲಿ ಈಗ ಹೊರಬಂದಿದೆ. ಮೂರನೇ ಗಿಡದಿಂದ ಬೀಜ ಬೇಡ. ಗಿಡವನ್ನೇ ಕಿತ್ತುಬಿಡಿ, ಅದರ ಗಂಡು ಹೂ ಇನ್ನು ಅರಳಬಾರದು.

ನಿಮ್ಮ ಬಿಳಿ ದಾರ 3ರ ಪರಾಗ ಅಲ್ಲವೇ? ಆ ಕಾಯಿಯ ತಿರುಳು ಕಹಿ ಆಗಿರಲ್ಲ, ಅದು ತಾಯಿ ಗಿಡದ್ದು. ಒಳಗಿನ ಬೀಜಕ್ಕೆ ಮಾತ್ರ ತಂದೆಯ ಗುಣ ಸೇರಿರುತ್ತದೆ. ಅದನ್ನು ಬೀಜಕ್ಕೆ ಬಿಡಬೇಡಿ.

ತಾರಸಿಪಾತಿ · ಆಗಸ್ಟ್ 23

ಮೂರನೇದನ್ನು ಕಿತ್ತೆ. ಮಗುವಿನ ಹಾಗೆ ನೋಡಿಕೊಂಡಿದ್ದೆ, ಕಷ್ಟ ಆಯ್ತು. ಬಿಳಿ ದಾರದ ಕಾಯಿ ಈಗಾಗಲೇ ನಾರಾಗಿದೆ, ಅದನ್ನೂ ಕಿತ್ತೆ. ದಾರ ಕಟ್ಟಿ ಅಂತ ಹೇಳಿರದಿದ್ದರೆ ಈ ಕಹಿ ನನ್ನ ಕೈಯಿಂದಲೇ ನಾಲ್ಕಾರು ಮನೆಗೆ ಹೋಗುತ್ತಿತ್ತು.

ಎರೆಹೊಲ · ಅಕ್ಟೋಬರ್ 6

ಅಕ್ಕಾರ, ಬೀಜದ ಕಾಯಿ ಹೆಂಗೈತಿ? ಹಸ್ತಾ ಮಳಿ ನಮ್ಮ ಕಡೆ ಜೋರ ಐತಿ. ಸಿಪ್ಪಿ ಕಂದು ಬಣ್ಣಕ್ಕ ತಿರುಗಿದ್ರ ತೊಟ್ಟು ಉದ್ದ ಬಿಟ್ಟು ಕೊಯ್ದು ಒಳಗ ತೂಗ ಹಾಕ್ರಿ. ಬಳ್ಳಿ ಮ್ಯಾಲೆ ಮಳ್ಯಾಗ ನೆಂದ್ರ ಒಳಗ ಬೂಸ್ಟು ಬರತೈತಿ.

ತಾರಸಿಪಾತಿ · ಅಕ್ಟೋಬರ್ 7

ನೀಲಿ ಕಂದಾಗಿದೆ, ಕೆಂಪಿನ ತೊಟ್ಟಿನ ಹತ್ತಿರ ಇನ್ನೂ ಸ್ವಲ್ಪ ಹಸಿರಿದೆ. ಎರಡನ್ನೂ ಕೊಯ್ದು ಅಡುಗೆಮನೆಯ ಕಿಟಕಿ ಸರಳಿಗೆ ಕಟ್ಟಿದ್ದೇನೆ.

ನ್ಯೂಜೆರ್ಸಿಹಿತ್ತಿಲು · ಅಕ್ಟೋಬರ್ 27

ನಿನ್ನೆ ರಾತ್ರಿ ಇಲ್ಲಿ ಮಂಜು ಬಿತ್ತು, ಅವರೆ ಹೋಯಿತು. ಈ ಸಲ ಕಾರಣ ಗೊತ್ತಿತ್ತು, ಹಾಗಾಗಿ ಬಳ್ಳಿಯನ್ನು ಕತ್ತರಿಸಿ ಗೊಬ್ಬರದ ಗುಂಡಿಗೆ ಹಾಕಿದೆ. ಮುಂದಿನ ವರ್ಷ ಹೆಬ್ಬಾಳದ್ದೇ. ಹೀರೆ ಬೀಜ ನಾಲ್ಕು ಕೇಳೋಣ ಅಂತಿದ್ದೆ. ಆಮೇಲೆ ನೋಡಿದರೆ ಸಸ್ಯ ಆರೋಗ್ಯ ಪ್ರಮಾಣಪತ್ರವೋ ಇಲ್ಲಿನ ಪರವಾನಗಿಯೋ ಇಲ್ಲದೆ ಬಿತ್ತುವ ಬೀಜವನ್ನು ಅಂಚೆಯಲ್ಲಿ ತರಿಸುವ ಹಾಗಿಲ್ಲ. ಪರವಾನಗಿಗೆ ಅರ್ಜಿ ಹಾಕ್ತೇನೆ, ಸಿಕ್ಕಿದ ದಿನ ಇಲ್ಲೇ ಬರೆಯುತ್ತೇನೆ. ನನ್ನ ಪಾಲು ಎತ್ತಿಟ್ಟಿರಿ.

ತಾರಸಿಪಾತಿ · ನವೆಂಬರ್ 9

ಇವತ್ತು ಬಿಚ್ಚಿದೆ. ತುದಿಯ ಮುಚ್ಚಳ ಮುರಿದು ಕವುಚಿದರೆ ಬೀಜ ತಾನೇ ಉದುರಿತು, ಕರ್ರಗೆ, ಮಿರಿಮಿರಿ. ಕೆಂಪು ದಾರದ ಕಾಯಲ್ಲಿ 74, ನೀಲಿಯಲ್ಲಿ 61 ಗಟ್ಟಿ ಬೀಜ. ಟೊಳ್ಳು, ಸಣ್ಣದು ಬೇರೆ ತೆಗೆದೆ. ನೆರಳಲ್ಲಿ ಒಂದು ವಾರ ಒಣಗಿಸಿ ಆಮೇಲೆ ಬಾಟಲಿಗೆ.

ಒಟ್ಲುಮಡಿ · ನವೆಂಬರ್ 9

ಬಾಟ್ಲಿ ತಳಕ್ಕೆ ಹುರಿದು ಆರಿಸಿದ ಅಕ್ಕಿ ಎರಡು ಚಮಚ ಬಟ್ಟೆಯಲ್ಲಿ ಕಟ್ಟಿ ಹಾಕಿ, ತೇವ ಎಳ್ಕೊಳ್ತದೆ. ಎಲ್ಲಾ ಬೀಜವನ್ನೂ ಒಂದೇ ಮನೆಯಲ್ಲಿ ಇಡ್ಬೇಡಿ ತಾಯಿ. ಆ ಊರಲ್ಲಿ ಆಗಿದ್ದು ಅದೇ ಅಲ್ವಾ, ಒಬ್ಬರ ತೊಲೆಯಲ್ಲಿ ಮಾತ್ರ ಉಳಿದಿತ್ತು. ಶಿರಸಿಯಲ್ಲಿ ವನಸ್ತ್ರೀ ಅಂತ ಹೆಣ್ಣುಮಕ್ಕಳ ಬೀಜದ ಕೂಟ ಇದೆ, ಮಲೆನಾಡಿನ ಹಿತ್ತಿಲ ಬೀಜಗಳನ್ನೇ ಕಾಪಾಡೋರು. ಮಳೆಗಾಲದ ಮುಂಚೆ ಮೇಳ ಮಾಡ್ತಾರೆ. ಅವರ ಕೈಗೂ ಹತ್ತು ಬೀಜ ಸೇರಿಸಿ.

ಮೊದಲಪಾತಿ · ನವೆಂಬರ್ 10

ಮೇಡಂ, ಮೇ ತಿಂಗಳಲ್ಲಿ ಇಷ್ಟು ಕಷ್ಟ ಯಾಕೆ ಅಂತ ಕೇಳಿದ್ದೆ. ನನಗೂ ನಾಲ್ಕು ಬೀಜ ಕೊಡ್ತೀರಾ? ನಮ್ಮ ತಾತನ ಹೊಲದ ಬದುವಲ್ಲಿ ಒಂದು ಜಾತಿ ಗುಂಡು ಬದನೆ ಇದೆ, ಅದರ ಬೀಜ ತೆಗೆಯೋದು ಹೇಗೆ ಅಂತಲೂ ಹೇಳಿ, ಬೇರೆ ಚರ್ಚೆ ಶುರು ಮಾಡ್ತೀನಿ.

ಬಸಳೆಚಪ್ಪರ · ನವೆಂಬರ್ 10

ನನ್ನ ನಾಲ್ಕು ಮರೆಯಬೇಡಿ. ಮತ್ತೆ ಪೊಟ್ಟಣದ ಮೇಲೆ ತಿಂಗಳು, ವರ್ಷ ಬರೆಯಿರಿ. ಊರು ಕೂಡ ಬರೆಯಿರಿ.

ತಾರಸಿಪಾತಿ · ನವೆಂಬರ್ 18

ಪೊಟ್ಟಣ ಕಟ್ಟಿದೆ. ಕೆಂಪು, ನೀಲಿ ಎರಡನ್ನೂ ಬೆರೆಸಿ ಪ್ರತಿ ಪೊಟ್ಟಣಕ್ಕೆ ಹತ್ತು, ನಾಲ್ಕು ಸಾಲದು. ಉಡುಪಿ, ಗದಗ, ಹಾಸನ, ಬಾಗಲಕೋಟೆ, ತುಮಕೂರಿಗೆ ನಾಳೆ ಅಂಚೆ. ವಿಳಾಸ ಖಾಸಗಿ ಸಂದೇಶದಲ್ಲಿ ಕಳಿಸಿ, ಇಲ್ಲಿ ಬರೆಯಬೇಡಿ. ನ್ಯೂಜೆರ್ಸಿಯ ಪಾಲು ಫ್ರಿಜ್‌ನಲ್ಲಿದೆ. ಶಿರಸಿಗೆ ಕೊಡೋದನ್ನು ಮೇಳಕ್ಕೆ ನಾನೇ ತಗೊಂಡು ಹೋಗ್ತೇನೆ.

ಪೊಟ್ಟಣದ ಮೇಲೆ ಹೀಗೆ ಬರೆದಿದ್ದೇನೆ: ಗಿಡ್ಡ ಹೀರೆ, ಹೊಸನಗರ, ಕೊಯ್ದದ್ದು ಅಕ್ಟೋಬರ್. ಬಿತ್ತುವುದು ಆರಿದ್ರೆ ಮಳೆಗೆ. ಕಹಿ ಗಿಡ ಬಂದರೆ ಕಿತ್ತುಹಾಕಿ, ನನಗೂ ತಿಳಿಸಿ.

ಮೂವತ್ತು ಬೀಜ ಮಾವನಿಗೆ. ಹೊಸ ಮನೆಗೆ ಗ್ಯಾಸ್ ಒಲೆ, ಬಚ್ಚಲ ನೀರಿಗೆ ಪೈಪು. ಆದರೂ ಹಿಂದಿನ ಗೋಡೆ ಪಕ್ಕ ಎರಡು ಗುಂಡಿ ತೆಗೆದು ಸೊಪ್ಪು, ಗೊಬ್ಬರ ತುಂಬಿ ಮುಚ್ಚಿಟ್ಟಿದ್ದಾರಂತೆ, ನಿನ್ನೆ ಫೋಟೊ ಕಳಿಸಿದರು.